ಹಲ್ಲಿಗೆ ಸಿಕ್ಕ ನೂಲು

ಮೂರ್ತಪ್ಪನ ಎಡಗೈಯ ಎರಡನೇ ಬೆರಳು ಮುರಿದ ಸದ್ದು ನನಗೆ ಲಾಕಪ್ಪಿನ ಹೊರಗೇ ಕೇಳಿಸಿತು. ಕಿರುಚಾಟ ಆಮೇಲೆ ಬಂತು.

"ಬಲಗೈ ಉಳಿಸಿದ್ದೀನಿ ಕಣಯ್ಯ," ಎಂದರು ಸರ್ಕಲ್ ಇನ್ಸ್‌ಪೆಕ್ಟರ್ ರಾಮಚಂದ್ರಪ್ಪ, ಕಬ್ಬಿಣದ ಬಾಗಿಲನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತ. ಬಾಗಿಲಿನ ಸಂದಿಯಲ್ಲಿ ಆ ಮುದುಕನ ಕೈ ಇನ್ನೂ ಸಿಕ್ಕಿಕೊಂಡಿತ್ತು. "ಯಾಕೆ ಹೇಳು? ಸಹಿ ಹಾಕ್ಬೇಕಲ್ಲ, ಅದಕ್ಕೆ. ಸಹಿ ಆದ್ಮೇಲೆ ಅದರದ್ದೂ ವಿಚಾರ ಮಾಡೋಣ."

ಭಾನುವಾರ ಮಧ್ಯಾಹ್ನ ಕಾಣೆಯಾಗಿದ್ದ ವಕೀಲ ವಿಜಯೇಂದ್ರ ಸೋಮವಾರ ಬೆಳಿಗ್ಗೆ ಭದ್ರಾ ನಾಲೆಯಲ್ಲಿ ಹೆಣವಾಗಿ ಸಿಕ್ಕಿದ್ದ. ದಂಡೆಯ ಮೇಲೆ ಬಿದ್ದಿದ್ದ ರಕ್ತದ ಕತ್ತರಿಯ ಹಿಡಿಯಲ್ಲಿ 'ಮೂರ್ತಪ್ಪ' ಎಂದು ಕೊರೆದಿತ್ತು. ಅಷ್ಟಕ್ಕೇ ಭದ್ರಾವತಿಯ ಈ ಅರವತ್ತರ ದರ್ಜಿಯನ್ನು ಅಂಗಡಿಯಿಂದ ಎಳೆದು ತಂದಿದ್ದರು. ಇವತ್ತು ಮಂಗಳವಾರ.

"ಸಾರ್, ಸಾಕು ಬಿಡಿ," ಎಂದು ನಾನು ಬಾಗಿಲು ಹಿಡಿದೆ. "ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ ಬಂದೆ. ಭಾನುವಾರ ಮಧ್ಯಾಹ್ನ ಈತ ಭದ್ರಾವತೀಲೇ ಇರ್ಲಿಲ್ಲ."

ರಾಮಚಂದ್ರಪ್ಪ ನನ್ನ ಮುಖ ನೋಡಲಿಲ್ಲ. ಅಂಗಿಯ ಎದೆ ಹಿಡಿದು ನನ್ನನ್ನು ಗೋಡೆಗೆ ಅಪ್ಪಳಿಸಿದರು. ಹಿಂದಲೆ ಗೋಡೆಗೆ ಬಡಿದು ಕಣ್ಣು ಕತ್ತಲೆ ಬಂತು. ಅಂಗಿಯ ಗುಂಡಿಯೊಂದು ಕಿತ್ತು ಸಿಮೆಂಟು ನೆಲದ ಮೇಲೆ ಉರುಳಿಹೋಯಿತು.

"ಹಾಲಸ್ವಾಮಿ, ನೀವು ಸಬ್ ಇನ್ಸ್‌ಪೆಕ್ಟರ್. ಆರೋಪಿ ಪರ ವಕೀಲರಲ್ಲ. ವಕೀಲ್ರಿಗೆ ಏನಾಗುತ್ತೆ ಅಂತ ನೋಡಿದ್ರಲ್ಲ."

ಹದಿನೆಂಟು ವರ್ಷದ ನೌಕರಿಯಲ್ಲಿ ನುಂಗಿದ್ದನ್ನೆಲ್ಲ ಉಗುಳಿದ್ದರೆ ಭದ್ರಾ ನಾಲೆ ತುಂಬಿ ಹರಿಯುತ್ತಿತ್ತು. ಇದನ್ನೂ ನುಂಗಿದೆ. ಬಗ್ಗಿ ಗುಂಡಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡೆ.

"ಷಡಕ್ಷರಪ್ಪನವರೇ ಹೇಳಿದ್ರು ಸಾರ್," ಎಂದೆ.

ಷಡಕ್ಷರಪ್ಪ ಸತ್ತವನ ತಂದೆ. ಶಿವಮೊಗ್ಗದ ಗಾಂಧಿ ಬಜಾರಿನ ಹಳೆಯ ಜವಳಿ ವ್ಯಾಪಾರಿ, ಈಗ ರವೀಂದ್ರನಗರದ ಮನೆಯಲ್ಲಿ ಮಗನ ಫೋಟೋದ ಕೆಳಗೆ ಕೂತಿದ್ದಾರೆ. ಭದ್ರಾವತಿ ಕಾರ್ಖಾನೆಯ ವಿದೇಶಿ ಎಂಜಿನಿಯರ್ ಒಬ್ಬ ಊರಿಗೆ ಹೋಗುವಾಗ ಕೊಟ್ಟುಹೋದ ಟ್ವೀಡ್ ಬಟ್ಟೆಯನ್ನು ಆ ಪುಣ್ಯಾತ್ಮ ಮೂವತ್ತು ವರ್ಷ ನುಸಿಗುಳಿಗೆ ಹಾಕಿ ಕಾಪಾಡಿದ್ದರು. ಕಂದು ಬಣ್ಣದಲ್ಲಿ ಹಸಿರು ಚುಕ್ಕೆ, ಕಂಬಳಿಯಷ್ಟು ದಪ್ಪ. ನಮ್ಮ ಶಿವಮೊಗ್ಗದ ಸೆಕೆಯಲ್ಲಿ ಅದನ್ನು ತೊಡುವವನಿಗೆ ಬುದ್ಧಿ ಬೇಡವೆ? ಆದರೂ ಮಗನ ಮದುವೆ ನಿಶ್ಚಯವಾದಾಗ ಮೂರ್ತಪ್ಪನಿಂದ ಕೋಟು ಹೊಲಿಸಿದರು. ಮಗ ಅದನ್ನು ತೊಟ್ಟೇ ಸತ್ತ.

"ಭಾನುವಾರ ಮೂರು ಗಂಟೆಯಿಂದ ಆರರ ತನಕ ಮೂರ್ತಪ್ಪ ನನ್ನೆದುರಿಗೇ ಕೂತಿದ್ದ," ಎಂದಿದ್ದರು ಅವರು. "ಮಿಕ್ಕಿದ ಬಟ್ಟೆ ವಾಪಸ್ ಕೊಡೋಕೆ ಬಂದಿದ್ದ."

ಅಕ್ಕಸಾಲಿ ಅಕ್ಕನ ಚಿನ್ನ ಬಿಡ, ದರ್ಜಿ ತಮ್ಮನ ಬಟ್ಟೆ ಬಿಡ ಎನ್ನುತ್ತಿದ್ದಳು ನಮ್ಮಮ್ಮ. ಮಿಕ್ಕಿದ ಬಟ್ಟೆಯನ್ನು ಬಸ್ಸು ಹತ್ತಿ ಬಂದು ವಾಪಸ್ಸು ಕೊಡುವ ದರ್ಜಿ ಕೊಲೆ ಮಾಡುತ್ತಾನೆಂದರೆ ನನಗೆ ನಂಬಿಕೆ ಬರಲಿಲ್ಲ.

"ಮಗ ಸತ್ತ ದುಃಖದಲ್ಲಿ ಮುದುಕನಿಗೆ ವಾರ ಯಾವುದು ಅಂತ ನೆನಪಿರಲ್ಲ," ಎಂದರು ರಾಮಚಂದ್ರಪ್ಪ. ಆಗ ನನ್ನ ಕಂಕುಳಲ್ಲಿದ್ದ ಗಂಟು ಅವರ ಕಣ್ಣಿಗೆ ಬಿತ್ತು. "ಅದೇನ್ರೀ?"

"ಕೋಟು ಸಾರ್. ಆಸ್ಪತ್ರೆಯಿಂದ ತಂದೆ. ಅಂಗಿ, ಕೋಟು ಎರಡೂ ಅಂಟಿಕೊಂಡಿವೆ."

"ರಕ್ತಕ್ಕೆ ಅಂಟಿರುತ್ತೆ. ಆ ಹೊಲಸನ್ನ ಯಾಕೆ ಹೊತ್ಕೊಂಡು ಬಂದ್ರಿ? ಪಕ್ಕೆಯಲ್ಲಿ ಒಂದಿಷ್ಟು ಹತ್ತಿ ಬಿಟ್ರೆ ಅದರಲ್ಲಿ ಇನ್ನೇನಿದೆ? ಬಿಸಾಕ್ರಿ."

ಅಷ್ಟರಲ್ಲಿ ಶಿವಮೊಗ್ಗದಿಂದ ಫೋನ್ ಬಂತೆಂದು ಪೇದೆ ಬಂದು ಕರೆದ. ನಾಳೆ ಬುಧವಾರ ಕೋರ್ಟಿನಲ್ಲಿ ಒಂದು ದೊಡ್ಡ ಕೇಸಿನ ವಿಚಾರಣೆಯಿತ್ತು. ಎರಡು ವರ್ಷದ ಕೆಳಗೆ ನಮ್ಮ ಠಾಣೆಯ ವಶದಲ್ಲಿ ಸತ್ತ ಲಾರಿ ಡ್ರೈವರನ ಕೇಸು. ಅದನ್ನು ನಡೆಸುತ್ತಿದ್ದವನು ವಿಜಯೇಂದ್ರ. ಈಗ ಅದು ಮುಂದಕ್ಕೆ ಹೋಗುವುದರಲ್ಲಿ ಅನುಮಾನವಿರಲಿಲ್ಲ.

ರಾಮಚಂದ್ರಪ್ಪ ಹೋದ ಮೇಲೆ ನಾನು ಮೂರ್ತಪ್ಪನ ಕೈ ಬಿಡಿಸಿದೆ. ಎರಡು ಬೆರಳು ನೀಲಿಗಟ್ಟಿ ತಿರುಚಿಕೊಂಡಿದ್ದವು. ಟವೆಲ್ಲು ಹರಿದು ಕಟ್ಟಿದೆ. ತುಟಿ ಸೀಳಿ, ಒಂದು ಹಲ್ಲು ಹೋಗಿತ್ತು. ಎರಡು ದಿನದಿಂದ ಆತ ಹೇಳುತ್ತಿದ್ದದ್ದು ಒಂದೇ ಮಾತು: ನಾನಲ್ಲ ಸ್ವಾಮಿ.

"ಮೂರ್ತಪ್ಪನವರೇ, ನಿಮ್ಮ ಕೋಟು ನೀವೇ ಓದಿ ಹೇಳಿ," ಎಂದು ಗಂಟು ಬಿಚ್ಚಿ ಮುಂದಿಟ್ಟೆ.

ನಾಲೆಯ ನೀರು, ರಕ್ತ, ಕೆಸರು ಎಲ್ಲ ಕುಡಿದ ಕೋಟು ಸತ್ತ ಕುರಿಯ ಹಾಗೆ ಬಿದ್ದಿತ್ತು. ಶವಾಗಾರದಲ್ಲಿ ಮುಂಭಾಗದಿಂದ ಕತ್ತರಿಸಿ ಅಂಗಿ ಸಮೇತ ತೆಗೆದಿದ್ದರು. ಮೂರ್ತಪ್ಪ ಬಲಗೈಯಿಂದ ಅದರ ಕಾಲರ್ ಸರಿ ಮಾಡಿದ.

"ಈ ಬಟ್ಟೆ ಕತ್ತರಿ ತಾಗಿದ್ರೆ ಸಾಕು, ಅಂಚೆಲ್ಲ ಎಳೆ ಬಿಟ್ಕೊಳ್ಳುತ್ತೆ ಸ್ವಾಮಿ," ಎಂದ, ಉಗುಳಿನ ಜೊತೆ ರಕ್ತ ನುಂಗುತ್ತ. "ಅದಕ್ಕೇ ಒಳಗೆ ಒಂದೊಂದು ಅಂಚಿಗೂ ಪಟ್ಟಿ ಕಟ್ಟಿದ್ದೀನಿ. ಅದರ ಮೇಲೆ ಅಸ್ತರ್." ಒಳಗಿನ ನುಣುಪಾದ ತೆಳುಬಟ್ಟೆಯನ್ನು ಸವರಿದ. "ಅಸ್ತರ್ ಕೋಟಿಗಿಂತ ಒಂದು ಬೆರಳು ದೊಡ್ಡದಿರ್ಬೇಕು. ಬೆನ್ನಿಗೊಂದು ಮಡಿಕೆ, ಕೆಳಗೆ ಒಂದಿಷ್ಟು ಸಡಿಲ. ಕೈ ಚಾಚಿದಾಗ ಮೇಲಿನ ಬಟ್ಟೆ ಒಂದು ಕಡೆ ಎಳೆಯುತ್ತೆ, ಒಳಗಿಂದು ಇನ್ನೊಂದು ಕಡೆ. ಅತ್ತೆ ಸೊಸೆ ಇದ್ದ ಹಾಗೆ. ಮಧ್ಯೆ ಜಾಗ ಬಿಟ್ರೆ ಸಂಸಾರ ನಡೀತದೆ."

"ಮಷಿನ್ ಹೊಲಿಗೆನಾ?"

"ಮಷಿನ್ ಹಾಕಿದ್ರೆ ಸುಕ್ಕು ಬೀಳ್ತದೆ. ಅಸ್ತರ್ ಪೂರ್ತಿ ಕೈಹೊಲಿಗೆ. ಹದಿಮೂರು ದಿನ ಹಿಡೀತು."

"ಹಾಗಾದ್ರೆ ಇದು?"

ಕೋಟಿನ ಎಡಪಕ್ಕೆಯನ್ನು ತಿರುಗಿಸಿ ತೋರಿಸಿದೆ. ಉಳಿದ ಕಡೆ ಅಸ್ತರ್ ಸಡಿಲವಾಗಿ ಇಳಿಬಿದ್ದಿತ್ತು. ಇಲ್ಲಿ ಮಾತ್ರ, ಒಂದು ಗೇಣಿನಷ್ಟು ಜಾಗದಲ್ಲಿ, ಬಿಗಿಯಾಗಿ ಎಳೆದು ಬೂದಿ ಬಣ್ಣದ ದಪ್ಪ ನೂಲಿನಲ್ಲಿ ಸುತ್ತಲೂ ಹೊಲಿದಿದ್ದರು. ಸೂಜಿ ಅಸ್ತರಿನಲ್ಲಿ ನಿಂತಿರಲಿಲ್ಲ. ಕೆಳಗಿನ ಅಂಗಿಯನ್ನೂ ಸೇರಿಸಿ ಹೊಲಿದಿತ್ತು. ಅಂಟಿಸಿದ್ದು ರಕ್ತವಲ್ಲ, ನೂಲು.

ಬ್ಲೇಡಿನಿಂದ ಎರಡು ಹೊಲಿಗೆ ಕೊಯ್ದೆ. ಒಳಗಿನಿಂದ ಮುಷ್ಟಿಗಾತ್ರದ ಹತ್ತಿಯ ಉಂಡೆ ಹೊರಬಂತು. ರಕ್ತ ಹೀರಿ ಕಪ್ಪಾಗಿತ್ತು.

"ಹತ್ತಿ ಹಾಕೋದು ಭುಜಕ್ಕೆ," ಎಂದ ಮೂರ್ತಪ್ಪ. "ಪಕ್ಕೆಗೆ ಯಾವ ದರ್ಜೀನೂ ಹತ್ತಿ ಹಾಕಲ್ಲ ಸ್ವಾಮಿ. ಅಲ್ಲಿ ಹಾಕಿದ್ರೆ..."

ಮಾತು ಅಲ್ಲಿಗೇ ನಿಂತಿತು. ಆತನ ಹೆಬ್ಬೆರಳು ಆ ಬೂದಿ ನೂಲಿನ ಮೇಲಿತ್ತು. ಒಂದೊಂದು ಹೊಲಿಗೆಗೂ ಒಂದೊಂದು ಗಂಟು. ಮೂರ್ತಪ್ಪನ ಹೊಲಿಗೆ ಬಲಕ್ಕೆ ವಾಲಿದ್ದರೆ ಇದು ಎಡಕ್ಕೆ ವಾಲಿತ್ತು. ಆ ಹೆಬ್ಬೆರಳು ಹೊಲಿಗೆಯ ಉದ್ದಕ್ಕೂ ಹೋಯಿತು, ಮತ್ತೆ ವಾಪಸ್ಸು ಬಂತು. ಮುದುಕನ ಮುಖದಲ್ಲಿ ಅಷ್ಟು ಹೊತ್ತು ಇದ್ದ ನೋವು ಇಳಿದು ಭಯ ಏರಿತು.

"ಬರ್ಕೊಳ್ಳಿ ಸ್ವಾಮಿ," ಎಂದ.

"ಏನು?"

"ನಾನೇ ಕೊಂದೆ. ಎಲ್ಲಿ ಸಹಿ ಹಾಕ್ಬೇಕು ಹೇಳಿ."

ಎರಡು ದಿನದ ಲಾಠಿಗೆ ಬಗ್ಗದವನು ಒಂದು ಗೇಣು ಹೊಲಿಗೆಗೆ ಬಗ್ಗಿದ್ದ. ಯಾರನ್ನು ಕಾಪಾಡುತ್ತಿದ್ದಾನೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಸ್ವಂತ ಮಗಳ ಅಕ್ಷರ ಗುರುತು ಹಿಡಿಯದ ತಂದೆ ಇರಬಹುದು, ಮಗಳ ಹೊಲಿಗೆ ಗುರುತು ಹಿಡಿಯದ ದರ್ಜಿ ಇರಲಾರ. ಈತನಿಗೆ ಇದ್ದದ್ದು ಒಬ್ಬಳೇ ಮಗಳು, ಮಂಜುಶ್ರೀ.

"ಸಹಿ ಹಾಕಿದ್ರೆ ನಿಮ್ಮ ಬಲಗೈ ಉಳಿಯಲ್ಲ," ಎಂದೆ ಪಿಸುದನಿಯಲ್ಲಿ. "ಗೊತ್ತಲ್ಲ?"

"ಕೈ ಇಟ್ಕೊಂಡು ಏನ್ ಮಾಡ್ಲಿ ಸ್ವಾಮಿ."

"ಶಹಬ್ಬಾಸ್," ಎಂಬ ದನಿ ಹಿಂದಿನಿಂದ ಬಂತು. ರಾಮಚಂದ್ರಪ್ಪ ಬಾಗಿಲಲ್ಲಿ ನಿಂತಿದ್ದರು. ಮುಖ ಅರಳಿತ್ತು. "ಟೈಪ್ ಮಾಡಿಸ್ರೀ. ಮಧ್ಯಾಹ್ನವೇ ಇವನ ಮನೇಲಿ ಮಹಜರು ಮುಗಿಸಿಬಿಡೋಣ."

ಕೋಟನ್ನು ಅವರು ಕಾಲಿನಿಂದ ಮೂಲೆಗೆ ತಳ್ಳಿದರು.

ನಾನು ಟೈಪಿಸ್ಟನನ್ನು ಕರೆಯುವ ನೆಪದಲ್ಲಿ ಹೊರಗೆ ಬಂದು ಬೈಕು ಹತ್ತಿದೆ. ಮೂರ್ತಪ್ಪನ ಮನೆ ಹೊಸಮನೆ ಬಡಾವಣೆಯಲ್ಲಿ. ದಾರಿಯುದ್ದಕ್ಕೂ ನನ್ನ ಎಡಜೇಬಿನಲ್ಲಿದ್ದ ಸಣ್ಣ ಲಕೋಟೆ ಎದೆಗೆ ಚುಚ್ಚುತ್ತಿತ್ತು.

ಅದರಲ್ಲಿ ಇದ್ದದ್ದು ಎರಡು ಇಂಚಿನ ಬೂದಿ ನೂಲು. ಶವಪರೀಕ್ಷೆಯ ಡಾಕ್ಟರು ಸತ್ತವನ ಹಲ್ಲುಗಳ ಮಧ್ಯದಿಂದ ಇಕ್ಕಳದಲ್ಲಿ ಎಳೆದು ನನ್ನ ಕೈಗೆ ಕೊಟ್ಟಿದ್ದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅದರ ಅರ್ಥ ಆಗದೆ ನಾನು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಇನ್ನೊಂದು ಮಾತು ಹೇಳಿದ್ದರು: ಪಕ್ಕೆಗೆ ಇರಿದದ್ದು ಸಣ್ಣ ಚೂರಿ, ಕತ್ತರಿಯಲ್ಲ. ಆ ಗಾಯಕ್ಕೆ ಆತ ಸಾಯುತ್ತಿರಲಿಲ್ಲ. ಸತ್ತದ್ದು ಆಮೇಲೆ, ಯಾರೋ ತಲೆಯ ಹಿಂದಕ್ಕೆ ಕಬ್ಬಿಣದಿಂದ ಮೂರು ಸಲ ಹೊಡೆದದ್ದರಿಂದ.

ಈಗ ನೂಲಿನ ಅರ್ಥ ಆಗಿತ್ತು. ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು, ಆಯಸ್ಸಿಗೆ ಕೇಡು ಎನ್ನುತ್ತಾರೆ ನಮ್ಮಲ್ಲಿ. ಹಾಕಲೇಬೇಕಾದರೆ ತೊಟ್ಟವರ ಬಾಯಿಗೆ ಒಂದೆಳೆ ನೂಲು ಕೊಟ್ಟು ಕಚ್ಚಿಕೊಳ್ಳಲು ಹೇಳುತ್ತಾರೆ. ಸ್ಕೂಲಿಗೆ ಹೊರಟ ನನ್ನ ಬಾಯಿಗೆ ಅಮ್ಮ ಎಷ್ಟು ಸಲ ತುರುಕಿದ್ದಾಳೋ. ಹೆಣಕ್ಕೆ ಯಾರೂ ನೂಲು ಕೊಡುವುದಿಲ್ಲ. ವಿಜಯೇಂದ್ರನ ಪಕ್ಕೆಗೆ ಹತ್ತಿ ಒತ್ತಿ ಹೊಲಿದ ಕೈ, ಅವನು ಬದುಕಬೇಕು ಎಂದು ಹೊಲಿದಿತ್ತು.

ಮಂಜುಶ್ರೀ ಹೊಸ್ತಿಲ ಬೆಳಕಿಗೆ ಕೂತು ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ಇಪ್ಪತ್ತೈದರ ಸಣಕಲು ಹುಡುಗಿ. ಗುಂಡಿ ತೂರುವ ತೂತಿನ ಸುತ್ತ ಒಂದೊಂದು ಹೊಲಿಗೆಗೂ ಗಂಟು ಹಾಕುವ ಕೆಲಸ ಅದು. ಸೂಜಿ ಎಡಗೈಯಲ್ಲಿತ್ತು. ಅತ್ತೂ ಅತ್ತೂ ಕಣ್ಣು ಊದಿಕೊಂಡಿತ್ತು.

"ಅಪ್ಪನ್ನ ಬಿಟ್ರಾ ಸಾರ್?"

"ಇನ್ನೂ ಇಲ್ಲಮ್ಮ. ಒಂದು ಗುಂಡಿ ಹಾಕಿಕೊಡ್ತೀಯಾ?"

ಅವಳು ನನ್ನನ್ನೂ ಹರಿದ ಅಂಗಿಯನ್ನೂ ನೋಡಿದಳು. "ಬಿಚ್ಚಿಕೊಡಿ ಸಾರ್."

"ಟೈಮಿಲ್ಲ. ಮೈಮೇಲೇ ಹಾಕು."

ಅವಳಿಗೆ ಇಷ್ಟವಿರಲಿಲ್ಲ. ಆದರೂ ಪೊಲೀಸಿನವನಿಗೆ ಇಲ್ಲವೆನ್ನುವುದು ಹೇಗೆ? ಸೂಜಿಗೆ ಬೂದಿ ಬಣ್ಣದ ನೂಲು ಪೋಣಿಸಿದಳು. ಅದೇ ಉಂಡೆಯಿಂದ ಒಂದು ತುಂಡು ಹಲ್ಲಿನಲ್ಲಿ ಕಡಿದು ನನ್ನ ಮುಂದೆ ಹಿಡಿದಳು.

"ಕಚ್ಚಿಕೊಳ್ಳಿ. ಮಾತಾಡಬೇಡಿ."

ಕಚ್ಚಿಕೊಂಡೆ. ಸೂಜಿ ಎದೆಯ ಮೇಲೆ ಒಮ್ಮೆ ಒಳಗೆ ಹೋಗಿ ಹೊರಗೆ ಬಂತು. ಆಗ ಲಕೋಟೆ ತೆಗೆದು ಅವಳ ಮಡಿಲಿಗೆ ಸುರಿದೆ. ನೀರು ಕುಡಿದು ಒಣಗಿದ ಆ ನೂಲು ಅವಳ ಸೀರೆಯ ಮೇಲೆ ಬಿತ್ತು.

ಅವಳ ಕೈ ನಿಂತಿತು. ಸೂಜಿ ನನ್ನ ಅಂಗಿಯಲ್ಲೇ ಉಳಿಯಿತು.

ಕೇಳೋಣವೆಂದರೆ ಬಾಯಿಯಲ್ಲಿ ನೂಲಿತ್ತು. ಬಾಯಿ ಮುಚ್ಚಿಕೊಂಡ ಪೊಲೀಸನೆದುರು ಜನ ತಾವಾಗಿ ಮಾತಾಡುತ್ತಾರೆ ಎಂದು ಹದಿನೆಂಟು ವರ್ಷದಲ್ಲಿ ಯಾರೂ ನನಗೆ ಕಲಿಸಿರಲಿಲ್ಲ.

"ವಕೀಲರು ಹಿತ್ತಲಿಂದ ಬಂದ್ರು ಸಾರ್," ಎಂದಳು. "ಭಾನುವಾರ ಮೂರೂವರೆ ಇರ್ಬೋದು. ಪಕ್ಕೆ ಹಿಡ್ಕೊಂಡಿದ್ರು, ಬೆರಳ ಸಂದೀಲೆಲ್ಲ ರಕ್ತ. ಕೋಟಿನ ಅಳತೆ ಕೊಡೋಕೆ ಬಂದಿದ್ರಲ್ಲ, ಮನೆ ಗೊತ್ತಿತ್ತು. ಅಪ್ಪ ಇರ್ಲಿಲ್ಲ. ಕೋಟು ಬಿಚ್ಚೋಕೆ ಹೋದೆ, ಇನ್ನೂ ಜಾಸ್ತಿ ಸುರೀತು. ಬಿಚ್ಚಿದ್ರೆ ಉಳಿಯಲ್ಲ ಅನ್ನಿಸ್ತು. ಭುಜಕ್ಕೆ ಹಾಕೋ ಹತ್ತಿ ಇತ್ತು. ಕತ್ತರೀಲಿ ಕತ್ತರಿಸಿ ಗಾಯಕ್ಕೆ ತುರುಕಿ, ಅಸ್ತರ್‌ನ ಎಳೆದು ಬಿಗಿಯಾಗಿ ಹೊಲಿದೆ. ರಕ್ತ ನಿಂತಿತು ಸಾರ್. ನಿಜವಾಗ್ಲೂ ನಿಂತಿತು."

ಅವಳು ಮಡಿಲಿನ ನೂಲನ್ನು ಎತ್ತಿಕೊಂಡಳು.

"ಹೊಲಿಯೋಕೆ ಮುಂಚೆ ಬಾಯಿಗೆ ಇದನ್ನ ಕೊಟ್ಟೆ. ಮಧ್ಯದಲ್ಲಿ ಅವರು ಬಾಯಿ ತೆಗೆದ್ರು. ಯಾರು ಇರಿದದ್ದು ಅಂತ ಹೇಳೋಕೆ ಬಂದ್ರು. ನಾನೇ ಬಾಯಿ ಮೇಲೆ ಕೈ ಇಟ್ಟೆ. ಸೂಜಿ ಮೈಮೇಲಿದೆ, ಮಾತಾಡಬೇಡಿ, ಕೆಟ್ಟದಾಗುತ್ತೆ ಅಂದೆ. ಆಮೇಲೆ ಹೇಳೋರಂತೆ ಅಂದೆ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಪೊಲೀಸರಿಗೆ ಫೋನ್ ಮಾಡ್ತೀನಿ ಅಂದೆ. ತಲೆ ಅಲ್ಲಾಡಿಸಿದ್ರು. ನೋವಿಗೆ ಅಂದ್ಕೊಂಡೆ ಸಾರ್. ಹೊಲಿಗೆ ಮುಗಿಸಿ, ಮೂಲೆ ಎಸ್‌ಟಿಡಿ ಬೂತಿಗೆ ಓಡಿ ಠಾಣೆಗೆ ಫೋನ್ ಮಾಡ್ದೆ. ಹತ್ತೇ ನಿಮಿಷಕ್ಕೆ ಜೀಪು ಬಂತು. ಅಷ್ಟರಲ್ಲಿ ಅವರಿಗೆ ಎಚ್ಚರ ತಪ್ಪಿತ್ತು. ನೂಲು ಬಾಯಲ್ಲೇ ಇತ್ತು, ಉಗುಳಿಸೋದು ಮರೆತೆ. ಒಬ್ಬರು ಮುಂದಿನ ಸೀಟಲ್ಲೇ ಕೂತಿದ್ರು, ತಲೆಗೆ ಮಫ್ಲರ್ ಸುತ್ಕೊಂಡು. ಮುಖ ಕಾಣ್ಲಿಲ್ಲ. ಹಿಂದೆ ತಿರುಗಿ ವಕೀಲರ ಬಾಯಿ ಕಡೆ ನೋಡಿದ್ರು. 'ಆಸ್ಪತ್ರೆಗೆ ಹಾಕ್ತೀವಿ, ನೀನು ಒಳಗೆ ಹೋಗು' ಅಂದ್ರು. ವಕೀಲರನ್ನ ಎಳೆದೂ ಎಳೆದು ಹಿಂದಿನ ಸೀಟಿಗೆ ಹತ್ತಿಸಿದ್ದು ನಾನೇ. ಗಡಿಬಿಡೀಲಿ ಕೈಯಲ್ಲಿದ್ದ ಕತ್ತರಿ ಜೀಪಲ್ಲೇ ಬಿಟ್ಟೆ."

ಕತ್ತರಿ ನಾಲೆಯ ದಂಡೆಗೆ ಹೇಗೆ ಹೋಯಿತೆಂದು ಈಗ ತಿಳಿಯಿತು. ಭಾನುವಾರ ನಾನು ಶಿವಮೊಗ್ಗದಲ್ಲಿ ಬಂದೋಬಸ್ತಿನಲ್ಲಿದ್ದೆ. ನಮ್ಮ ಠಾಣೆಗೆ ಇರುವುದು ಒಂದೇ ಜೀಪು.

"ಎರಡು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳ್ತೀರಾ," ಎಂದಳು. "ಪೊಲೀಸರು ಕರ್ಕೊಂಡು ಹೋದವರು ಹೆಣವಾದ್ರು ಅಂತ ಪೊಲೀಸರಿಗೇ ಬಂದು ಹೇಳ್ಬೇಕಿತ್ತಾ ಸಾರ್?"

ನನಗೆ ಲಾಕಪ್ಪಿನಲ್ಲಿ ಕೇಳಿದ ಮಾತು ನೆನಪಾಯಿತು. ಪಕ್ಕೆಯಲ್ಲಿ ಒಂದಿಷ್ಟು ಹತ್ತಿ ಬಿಟ್ರೆ ಇನ್ನೇನಿದೆ? ರಾಮಚಂದ್ರಪ್ಪ ಆ ಮಾತು ಹೇಳಿದಾಗ ನಾನಿನ್ನೂ ಹೊಲಿಗೆ ಬಿಚ್ಚಿರಲಿಲ್ಲ. ಕೋಟಿನಲ್ಲಿ ಹತ್ತಿ ಇರುವುದು ಭುಜದಲ್ಲಿ ಎಂದು ಊರಿಗೇ ಗೊತ್ತು. ಪಕ್ಕೆಯಲ್ಲಿದೆ ಎಂದು ಗೊತ್ತಿರುವುದು ಹೊಲಿದವಳಿಗೆ ಮತ್ತು ಹತ್ತಿರದಿಂದ ಕಂಡವನಿಗೆ. ಆದರೆ ಕೋರ್ಟಿನಲ್ಲಿ 'ಬಾಯ್ತಪ್ಪಿ ಅಂದೆ' ಎಂದು ಅವರು ಹೇಳಿಬಿಟ್ಟರೆ ಮುಗಿಯಿತು.

ಬೀದಿಯ ತುದಿಯಲ್ಲಿ ಜೀಪಿನ ಸದ್ದು ಕೇಳಿಸಿತು. ನಮ್ಮ ಜೀಪಿನ ಸೈಲೆನ್ಸರ್ ಒಡೆದು ತಿಂಗಳಾಗಿತ್ತು. ಮಂಜುಶ್ರೀ ಎದ್ದು ನಿಂತಳು.

"ಇದೇ ಸದ್ದು ಸಾರ್."

ಜೀಪು ಬಾಗಿಲಿಗೇ ಬಂದು ನಿಂತಿತು. ರಾಮಚಂದ್ರಪ್ಪ ಇಳಿದು ಹಿಂದಿನಿಂದ ಮೂರ್ತಪ್ಪನನ್ನು ಎಳೆದು ಕೆಡವಿದರು. ಮುದುಕ ಮಂಡಿಯ ಮೇಲೆ ಬಿದ್ದ. ಎಡಗೈಗೆ ನಾನು ಕಟ್ಟಿದ ಟವೆಲ್ಲು ಹಾಗೇ ಇತ್ತು. ಬಲಗೈಗೆ ಈಗ ಗೋಣಿತಾಟು ಸುತ್ತಿದ್ದರು. ಅದರಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಸಹಿ ಆಗಿಹೋಗಿತ್ತು.

ಇಲ್ಲಿಂದ ಮುಂದೆ ರಾಮಚಂದ್ರಪ್ಪನಿಗೆ ನಾನು ಬಹುವಚನ ಬಳಸಲಾರೆ.

"ಅಪ್ಪಾ," ಎಂದು ಮಂಜುಶ್ರೀ ಮುಂದೆ ನುಗ್ಗಿದಳು. ನಾನು ಅವಳ ತೋಳು ಹಿಡಿದು ಮನೆಯೊಳಕ್ಕೆ ಎಳೆದೆ. ರಾಮಚಂದ್ರಪ್ಪ ಮೂರ್ತಪ್ಪನ ಬೆನ್ನಿಗೆ ಒಂದು ಒದೆ ಕೊಟ್ಟು, ಅವನನ್ನು ದಾಟಿಕೊಂಡು ಹೊಸ್ತಿಲೊಳಗೆ ಬಂದ. ಅವನ ಕಣ್ಣು ಅವಳ ಎಡಗೈಗೆ ಹೋಯಿತು. ಆಮೇಲೆ ನನ್ನ ಎದೆಯಲ್ಲಿ ನೇತಾಡುತ್ತಿದ್ದ ಸೂಜಿಗೆ, ಅಲ್ಲಿಂದ ನನ್ನ ತುಟಿಗೆ.

"ಏನ್ರೀ ಹಾಲಸ್ವಾಮಿ," ಎಂದು ನಕ್ಕ. "ನಿಮ್ಮ ಬಾಯಲ್ಲೂ ನೂಲಾ?"

ಬಾಯಲ್ಲೂ.

ಸತ್ತವನ ಬಾಯಲ್ಲಿದ್ದ ನೂಲನ್ನು ಕಂಡವನು ಮಾತ್ರ ಸೇರಿಸುವ ಆ ಒಂದು 'ಲೂ' ನನಗೆ ಕೇಳಿಸಿತು. ಮಂಜುಶ್ರೀಗೆ ಕೇಳಿಸಿತು. ಜಾರಿದ ಮೇಲೆ ಅವನಿಗೂ ಕೇಳಿಸಿತು. ನಗು ಮುಖದ ಮೇಲೆ ಹಾಗೇ ಇತ್ತು. ಕೈ ಮಾತ್ರ ಸೊಂಟದ ಪಿಸ್ತೂಲಿಗೆ ಹೋಯಿತು, ಕಾಲು ಹಿಂದಿನಿಂದ ಬಾಗಿಲನ್ನು ಮುಚ್ಚಿತು.